ನಾಲ್ಕು ರೂಪಾಯಿ ಸಂಬಳದ ಬೌಲರ್

ಪುಣೆಯ ಬಿಳಿಯರ ಕ್ಲಬ್ಬಿಗೆ ಕ್ಯಾಪ್ಟನ್ ಜೆ.ಜಿ. ಗ್ರೆಗ್ ಉಳಿದ ಸದಸ್ಯರಿಗಿಂತ ಒಂದು ಗಂಟೆ ಮೊದಲೇ ಬರುತ್ತಿದ್ದರು. ಆಗ ಇಂಡಿಯಾದಲ್ಲಿದ್ದ ಇಂಗ್ಲಿಷ್ ದಾಂಡಿಗರಲ್ಲಿ ಅವರದು ದೊಡ್ಡ ಹೆಸರು. ಇಂಗ್ಲೆಂಡಿಗೆ ಹೋದಾಗ ಹ್ಯಾಂಪ್‌ಷೈರ್ ಕೌಂಟಿಗೆ ಆಡುತ್ತಿದ್ದವರು. ಅವರು ಮೈದಾನಕ್ಕೆ ಬರುವಷ್ಟರಲ್ಲಿ ಅಲ್ಲಿ ಇನ್ನೊಬ್ಬರು ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ನೆಟ್ಸ್ ಕಟ್ಟಿ ಕಾಯುತ್ತಿರುತ್ತಿದ್ದರು. ಹದಿನೇಳು ಹದಿನೆಂಟರ ಹುಡುಗ, ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಮೈದಾನದ ಕೆಲಸ ಮುಗಿದ ಮೇಲೆ ಸಾಹೇಬರಿಗೆ ಬೌಲ್ ಮಾಡುವುದು ಅದೇ ಸಂಬಳದೊಳಗೇ ಬರುತ್ತಿತ್ತು.

ತನ್ನನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತೇನೆ ಎಂದು ಗ್ರೆಗ್ ಹೇಳಿದ್ದರಂತೆ. ಈ ಮಾತು ಅಂದಿನಿಂದಲೂ ಬಾಯಿಂದ ಬಾಯಿಗೆ ನಡೆದು ಬಂದಿದೆ. ಹಾಗಿದ್ದರೆ ತಿಂಗಳಲ್ಲಿ ಎಂಟು ಸಲ ಆ ವಿಕೆಟ್ ಕಿತ್ತರೆ ಸಂಬಳ ಇಮ್ಮಡಿ. ಹುಡುಗ ಎಷ್ಟು ಎಂಟಾಣೆ ಗಳಿಸಿದನೆಂದು ಯಾರೂ ಬರೆದಿಡಲಿಲ್ಲ. ಗ್ರೆಗ್ ಅವರ ಬ್ಯಾಟಿಂಗ್ ಮಾತ್ರ ಆ ಅಭ್ಯಾಸದಿಂದ ಹದವಾಯಿತು, ಹುಡುಗನ ಬೌಲಿಂಗ್ ಅದಕ್ಕಿಂತಲೂ ಹೆಚ್ಚು ಹದವಾಯಿತು.

ಆ ಕ್ಲಬ್ಬಿನಲ್ಲಿ ಅವರು ನೂರಾರು ಗಂಟೆ ಬೌಲ್ ಮಾಡಿದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಯಾರೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ.

ಅವರ ಹೆಸರು ಪಳವಣಕರ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದ ನಡುವೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯದ ಊರು. ದಂಡಿನ ನೌಕರಿಯವರು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೋಗಿ ಬಂದು ಮಾಡುತ್ತಿದ್ದ ಕಾಲ. ಮನೆತನದ ಮೂಲ ಕೊಂಕಣದ ಪಳವಣ, ಅಡ್ಡಹೆಸರು ಬಂದದ್ದು ಅಲ್ಲಿಂದ. ಮನೆಮಾತು ಮರಾಠಿ. ತಂದೆ ಸೈನ್ಯದಲ್ಲಿದ್ದವರು. ಜಾತಿಯಿಂದ ತೊಗಲಿನ ಕೆಲಸದವರು, ಊರು ಮುಟ್ಟಿಸಿಕೊಳ್ಳದೆ ದೂರ ಇಟ್ಟವರು. ಮನೆಯವರು ಪುಣೆಗೆ ಹೋದಾಗ ಬಾಳೂ ಇನ್ನೂ ಚಿಕ್ಕವರು. ಹಾಗಾಗಿ ಧಾರವಾಡಕ್ಕೆ ಅವರ ಆಟ ನೋಡುವ ಅದೃಷ್ಟ ಬರಲಿಲ್ಲ. ಆದರೂ ಈ ನೆಲದಲ್ಲಿ ಹುಟ್ಟಿದ ಮೊದಲ ದೊಡ್ಡ ಆಟಗಾರ ಯಾರು ಎಂದು ಲೆಕ್ಕ ಹಾಕುವಾಗ ನಾವು ಇವರನ್ನು ಬಿಟ್ಟು ಎಣಿಸುವುದು ನನಗೆ ಸರಿಕಾಣುವುದಿಲ್ಲ.

ದಂಡಿನ ನೌಕರಿ ಅನ್ನುವುದು ಆ ಕಾಲದ ದಲಿತ ಕುಟುಂಬಗಳಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಊರಿನ ಕಟ್ಟುಪಾಡಿನಿಂದ ಹೊರಗೆ ಬರಲು ಇದ್ದ ಕೆಲವೇ ದಾರಿಗಳಲ್ಲಿ ಅದೂ ಒಂದು. ಪಗಾರ, ಸಮವಸ್ತ್ರ, ಮಕ್ಕಳಿಗೆ ನಾಲ್ಕಕ್ಷರ, ಸುತ್ತ ಬೇರೆ ಬೇರೆ ಊರಿನ ಜನ. ಡಾ. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರೂ ಸೈನ್ಯದವರೇ. ಅಂಬೇಡ್ಕರ್ 1891ರಲ್ಲಿ ಹುಟ್ಟಿದ್ದೂ ಮಹೂ ದಂಡಿನ ಊರಿನಲ್ಲೇ. ದಂಡು ಪ್ರದೇಶದ ಮೈದಾನಗಳಲ್ಲಿ ಬಿಳಿಯ ಅಧಿಕಾರಿಗಳು ಆಡಿ ಬಿಟ್ಟ ಬ್ಯಾಟು, ಸವೆದ ಚೆಂಡು ಸಿಗುತ್ತಿದ್ದವು. ಬಾಳೂ ಮತ್ತು ಅವರ ತಮ್ಮ ಶಿವರಾಮ ಕ್ರಿಕೆಟ್ ಕಲಿತದ್ದು ಅದರಲ್ಲೇ. ಚೆಂಡಿನ ಹೊದಿಕೆಯೂ ತೊಗಲಿನದೇ. ತೊಗಲು ಮುಟ್ಟುತ್ತಾರೆಂದು ಯಾರನ್ನು ಹೊರಗಿಟ್ಟರೋ ಅವರ ಕೈಯಿಂದ ಬಂದ ತೊಗಲಿನ ಚೆಂಡನ್ನೇ ಮುಂದೆ ಎಲ್ಲ ಜಾತಿಯವರೂ ಹಿಡಿಯಬೇಕಾಯಿತು.

ಮೊದಲ ಕೆಲಸ ಸಿಕ್ಕಿದ್ದು ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಯಾರಾದರೂ ಕರೆದರೆ ನಾಲ್ಕು ಚೆಂಡು ಎಸೆಯುವುದು. ಪಗಾರ ಮೂರು ರೂಪಾಯಿ. 1892ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಬಂದಾಗ ಒಂದು ರೂಪಾಯಿ ಏರಿತು. ಇಲ್ಲಿ ಟೆನಿಸ್ ಅಂಕಣದ ಗೆರೆಗಳೂ ಅವರ ಪಾಲಿಗೇ ಬಂದವು. ನೆಟ್ಸ್‌ನಲ್ಲಿ ಬೌಲ್ ಮಾಡು ಎಂದು ಮೊದಲು ಹುರಿದುಂಬಿಸಿದವರು ಟ್ರಾಸ್ ಎಂಬ ಒಬ್ಬ ಸದಸ್ಯ. ಕ್ಯಾಪ್ಟನ್ ಬಾರ್ಟನ್ ಎಂಬ ಅಧಿಕಾರಿಯ ಎಡಗೈ ಬೌಲಿಂಗ್ ಹರಿಯುವ ನೀರಿನಂತಿತ್ತು. ಬಾಳೂ ಅದನ್ನು ನೋಡುತ್ತಾ ನೋಡುತ್ತಾ ಕಲಿತರು. ಅವರಿಗೆ ಕೋಚ್ ಇರಲಿಲ್ಲ. ಕಣ್ಣಿತ್ತು, ಬೆಳಗಿನಿಂದ ಸಂಜೆಯವರೆಗೆ ತಾವೇ ಉರುಳಿಸಿದ ಪಿಚ್ ಇತ್ತು. ಆ ಪಿಚ್ಚಿನ ಯಾವ ಮೂಲೆ ಒಣಗಿದೆ, ಎಲ್ಲಿ ಚೆಂಡು ತಿರುಗುತ್ತದೆ, ಎಲ್ಲಿ ತಗ್ಗಾಗಿ ಹೋಗುತ್ತದೆ ಎಂಬುದು ಬ್ಯಾಟ್ ಹಿಡಿದು ನಿಂತ ಸಾಹೇಬರಿಗಿಂತ ರೋಲರ್ ಎಳೆದವರಿಗೇ ಹೆಚ್ಚು ಗೊತ್ತು.

ಎಡಗೈ ಸ್ಪಿನ್ ನೋಡಲು ಸೌಮ್ಯವಾದ ಕಲೆ. ಓಟ ನಾಲ್ಕೈದು ಹೆಜ್ಜೆ, ಕೈ ಮೇಲೆ ಬರುತ್ತದೆ, ಚೆಂಡು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಅದರ ಹಿಂದಿನ ಶ್ರಮ ಕಾಣುವುದಿಲ್ಲ. ಒಂದೇ ಜಾಗಕ್ಕೆ ನೂರು ಸಲ ಹಾಕಬಲ್ಲವರಿಗೆ ಮಾತ್ರ ನೂರಾ ಒಂದನೆಯದನ್ನು ಒಂದು ಗೇಣು ಹಿಂದೆ ಹಾಕಿ ದಾಂಡಿಗನನ್ನು ಮುಂದಕ್ಕೆ ಎಳೆಯಲು ಆಗುತ್ತದೆ. ಬಾಳೂ ಅವರ ಹತೋಟಿ ಅಂಥದು. ವೇಗ ಬದಲಾಗುತ್ತಿತ್ತು, ಚೆಂಡಿನ ಎತ್ತರ ಬದಲಾಗುತ್ತಿತ್ತು, ಕೈಯ ಚಲನೆ ಬದಲಾಗುತ್ತಿರಲಿಲ್ಲ. ಮುಂದೆ ಇಂಗ್ಲಿಷರು ಅವರನ್ನು ಇಂಡಿಯಾದ ರೋಡ್ಸ್ ಎಂದು ಕರೆದರು. ಯಾರ್ಕ್‌ಷೈರಿನ ವಿಲ್ಫ್ರೆಡ್ ರೋಡ್ಸ್ ಪ್ರಥಮ ದರ್ಜೆಯಲ್ಲಿ 4,000ಕ್ಕೂ ಹೆಚ್ಚು ವಿಕೆಟ್ ತೆಗೆದ ಎಡಗೈ ಬೌಲರ್. ಅದಕ್ಕಿಂತ ದೊಡ್ಡ ಹೋಲಿಕೆ ಆಗ ಇರಲಿಲ್ಲ.

ಹೋಲಿಕೆ ಇನ್ನೊಂದು ಬಗೆಯಲ್ಲೂ ಸರಿಯಾಗಿ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಆಗ ಆಟಗಾರರು ಎರಡು ಬಗೆ. ಹಣಕ್ಕೆ ಆಡದ 'ಜಂಟಲ್‌ಮನ್' ಒಬ್ಬ, ಕೂಲಿಗೆ ಆಡುವ ವೃತ್ತಿಪರ ಇನ್ನೊಬ್ಬ. ಬಿಸಿಲಿನಲ್ಲಿ ಗಂಟೆಗಟ್ಟಲೆ ಬೌಲ್ ಮಾಡುವುದು ಹೆಚ್ಚಾಗಿ ಕೂಲಿಯವನ ಪಾಡು, ನಾಯಕತ್ವ ಜಂಟಲ್‌ಮನ್ನನ ಹಕ್ಕು. ರೋಡ್ಸ್ ಅಷ್ಟು ದೊಡ್ಡ ಆಟಗಾರರಾದರೂ ಇಂಗ್ಲೆಂಡಿನ ನಾಯಕರಾಗಲಿಲ್ಲ. ಲೆನ್ ಹಟನ್ 1952ರಲ್ಲಿ ನಾಯಕರಾಗುವವರೆಗೂ ಇಪ್ಪತ್ತನೆಯ ಶತಮಾನದಲ್ಲಿ ಯಾವ ವೃತ್ತಿಪರನಿಗೂ ಇಂಗ್ಲೆಂಡ್ ತನ್ನ ಟೆಸ್ಟ್ ತಂಡವನ್ನು ಒಪ್ಪಿಸಿರಲಿಲ್ಲ. ಅಲ್ಲಿ ಅಡ್ಡ ನಿಂತದ್ದು ವರ್ಗ. ಬಾಳೂ ಅವರಿಗೆ ಆ ಗೋಡೆಯ ಜೊತೆಗೆ ಜಾತಿಯ ಗೋಡೆಯೂ ಇತ್ತು.

ಆ ಎರಡನೆಯ ಗೋಡೆ ಪುಣೆಯಲ್ಲೇ ಎದುರಾಯಿತು. ಪುಣೆಯ ಹಿಂದೂಗಳು ತಂಡ ಕಟ್ಟಿಕೊಂಡು ಬಿಳಿಯರಿಗೆ ಸವಾಲು ಹಾಕಬೇಕೆಂದಿದ್ದರು. ಊರಿನಲ್ಲಿದ್ದ ಅತ್ಯುತ್ತಮ ಬೌಲರ್ ಯಾರೆಂದು ಎಲ್ಲರಿಗೂ ಗೊತ್ತು. ಆದರೆ ಅವರನ್ನು ಸೇರಿಸಿಕೊಳ್ಳುವುದು ಹೇಗೆ? ತಂಡದಲ್ಲಿದ್ದ ಕೆಲವು ತೆಲುಗು ಆಟಗಾರರು ಬೇಕು ಎಂದರು, ಸ್ಥಳೀಯ ಬ್ರಾಹ್ಮಣ ಆಟಗಾರರು ಬೇಡ ಎಂದರು. ಆಗ ಮಾತಾಡಿದವರು ಗ್ರೆಗ್. ಇಂಥ ಬೌಲರನ್ನು ಜಾತಿಗಾಗಿ ಬಿಟ್ಟುಕೊಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆ ಎಂಬರ್ಥದ ಅವರ ಮಾತು ಪತ್ರಿಕೆಗಳಲ್ಲಿ ಬಂತು. ಗ್ರೆಗ್ ಸಮಾಜ ಸುಧಾರಕರೇನಲ್ಲ. ತಮ್ಮ ನೆಟ್ಸ್‌ನಲ್ಲಿ ತಾವು ಎದುರಿಸಿದ ಬೌಲರನ್ನು ನಿಜವಾದ ಪಂದ್ಯದಲ್ಲಿ ಎದುರಿಸಬೇಕೆಂಬ ಆಟಗಾರನ ಆಸೆಯೂ ಅದರಲ್ಲಿ ಇದ್ದೀತು. ಏನೇ ಇರಲಿ, ಬಾಳೂ ತಂಡ ಸೇರಿದರು.

ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಬ್ರಾಹ್ಮಣ ಆಟಗಾರರು ಹಿಡಿಯುತ್ತಿದ್ದರು, ಎಸೆಯುತ್ತಿದ್ದರು, ಪ್ಯಾಂಟಿಗೆ ಉಜ್ಜುತ್ತಿದ್ದರು. ಚಹಾದ ಹೊತ್ತಿಗೆ ಎಲ್ಲರೂ ಪೆವಿಲಿಯನ್ ಒಳಗೆ ಹೋಗಿ ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತಿದ್ದರು. ಬಾಳೂ ಹೊರಗೆ ನಿಲ್ಲಬೇಕು. ಅವರಿಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಮುಖ ತೊಳೆಯಬೇಕೆಂದರೆ ಅವರಂತೆಯೇ ಅಸ್ಪೃಶ್ಯನಾದ ಆಳೊಬ್ಬ ಮೈದಾನದ ಮೂಲೆಗೆ ನೀರಿನ ಕೆಟಲ್ ತಂದು ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಹತ್ತು ನಿಮಿಷ ಕಳೆದ ಮೇಲೆ ಅದೇ ಜನ ಅವರತ್ತ ಚೆಂಡು ಕೊಟ್ಟು ವಿಕೆಟ್ ತೆಗೆದುಕೊಡು ಎನ್ನುತ್ತಿದ್ದರು. ಅವರು ತೆಗೆದುಕೊಡುತ್ತಿದ್ದರು.

ಪುಣೆಯ ಯುರೋಪಿಯನ್ನರು ಸೋತರು. ಸಾತಾರೆಯ ಬಿಳಿಯರು ಹುಷಾರಾದರು. ಬಾಳೂ ಬರುತ್ತಾರೆಂದು ತಿಳಿದು ಚೆಂಡು ತಿರುಗದಂತೆ ಒಂದು ವಾರ ಕಾಲ ಪಿಚ್ಚಿಗೆ ರೋಲರ್ ಹೊಡೆಸಿದರು. ರೋಲರ್ ಎಳೆದು ಬೆಳೆದವರ ಮುಂದೆ ಆ ಉಪಾಯ ನಡೆಯಲಿಲ್ಲ. ಬಾಳೂ ಏಳು ವಿಕೆಟ್ ತೆಗೆದರು, ಹಿಂದೂಗಳು ಗೆದ್ದರು. ಊರಿಗೆ ಮರಳಿದ ಮೇಲೆ ನಡೆದ ಸಭೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಆಟಗಾರರನ್ನು ನೇರವಾಗಿಯೇ ಕೇಳಿದರು: ಇವರ ಜೊತೆ ಆಡಬಹುದಾದರೆ ಜೊತೆಗೆ ಉಂಡು ಕುಡಿಯಲು ಏನು ಅಡ್ಡಿ? ಪುಣೆಯಂಥ ಊರಿನಲ್ಲಿ, 1890ರ ದಶಕದಲ್ಲಿ, ತುಂಬಿದ ಸಭೆಯಲ್ಲಿ ಈ ಪ್ರಶ್ನೆ ಕೇಳಲು ಗಟ್ಟಿ ಎದೆ ಬೇಕಿತ್ತು.

ಪ್ಲೇಗಿನ ವರ್ಷಗಳಲ್ಲಿ ಬಾಳೂ ಪುಣೆ ಬಿಟ್ಟು ಮುಂಬಯಿ ಸೇರಿದರು. ತಂದೆಯಂತೆ ಸ್ವಲ್ಪ ಕಾಲ ಸೈನ್ಯದ ನೌಕರಿ, ಆಮೇಲೆ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸ. ರೈಲ್ವೆಯ ತಂಡಕ್ಕೂ ಆಡಿದರು, 1894ರಲ್ಲಿ ಶುರುವಾಗಿದ್ದ ಹಿಂದೂ ಜಿಮ್ಖಾನಾಕ್ಕೂ ಆಡಿದರು. ಜಿಮ್ಖಾನಾ ಅವರನ್ನು ಸೇರಿಸಿಕೊಳ್ಳುವ ಮೊದಲು ಅಲ್ಲಿಯೂ ವಾದ ನಡೆಯಿತು. ಆದರೆ ಮುಂಬಯಿ ಪುಣೆಯಲ್ಲ. ಗಿರಣಿ, ರೈಲು, ಬಂದರು ಜನರನ್ನು ಒತ್ತೊತ್ತಿಗೆ ತಂದು ನಿಲ್ಲಿಸಿದ್ದ ಊರು ಅದು. ಅಲ್ಲಿ ಬಾಳೂ ಮತ್ತು ಶಿವರಾಮ ಉಳಿದ ಆಟಗಾರರ ಜೊತೆ ಒಂದೇ ಕಡೆ ಕುಳಿತು ಊಟ ಮಾಡಿದರು. ಮಣ್ಣಿನ ಕುಡಿಕೆ ಪುಣೆಯಲ್ಲೇ ಉಳಿಯಿತು.

ಮುಂಬಯಿಯ ಕ್ರಿಕೆಟ್ ಆಗ ಧರ್ಮದ ಲೆಕ್ಕದಲ್ಲಿ ನಡೆಯುತ್ತಿತ್ತು. ಮೊದಲು ಆಟ ಕಲಿತವರು ಪಾರ್ಸಿಗಳು, 1886ರಷ್ಟು ಹಿಂದೆಯೇ ಇಂಗ್ಲೆಂಡಿಗೆ ಹೋಗಿ ಬಂದವರು. 1892ರಿಂದ ಯುರೋಪಿಯನ್ನರಿಗೂ ಪಾರ್ಸಿಗಳಿಗೂ ಪ್ರತಿ ವರ್ಷ ದೊಡ್ಡ ಪಂದ್ಯ. ಹಿಂದೂಗಳು 1907ರಲ್ಲಿ ಸೇರಿದಾಗ ಅದು ತ್ರಿಕೋನವಾಯಿತು, ಮುಸ್ಲಿಮರು 1912ರಲ್ಲಿ ಬಂದಾಗ ಚತುಷ್ಕೋನ. ಮುಂದೆ ಐದನೆಯ ತಂಡವೂ ಸೇರಿ 1946ರವರೆಗೆ ನಡೆದ ಈ ಟೂರ್ನಿಯನ್ನು ಇಡೀ ದೇಶ ನೋಡಿತು. ಧರ್ಮಕ್ಕೊಂದು ತಂಡ ಕಟ್ಟುವುದು ಇಂದು ನಮಗೆ ಕಸಿವಿಸಿ ತರುತ್ತದೆ, ತರಬೇಕು ಕೂಡ. ಆದರೆ ಆ ಹೊತ್ತಿನಲ್ಲಿ ಆಳುವವರನ್ನು ಅವರದೇ ಆಟದಲ್ಲಿ, ಅವರದೇ ಅಂಗಳದಲ್ಲಿ ಸಮಾನರಾಗಿ ಎದುರಿಸಲು ಭಾರತೀಯರಿಗೆ ಬೇರೆ ಜಾಗ ಇರಲಿಲ್ಲ.

1906ರ ಫೆಬ್ರುವರಿಯಲ್ಲಿ ಹಿಂದೂಗಳು ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಯುರೋಪಿಯನ್ನರನ್ನು ಎದುರಿಸಿದರು. ಹಿಂದಿನ ವರ್ಷವಷ್ಟೇ ಬಂಗಾಳವನ್ನು ಒಡೆದಿದ್ದರು, ಸ್ವದೇಶಿ ಚಳವಳಿ ಕಾವೇರುತ್ತಿತ್ತು. ಬಾಂಬೆ ಜಿಮ್ಖಾನಾದ ಪೆವಿಲಿಯನ್ನಿನಲ್ಲಿ ಕೂರಲು ಭಾರತೀಯರಿಗೆ ಅವಕಾಶವೇ ಇರಲಿಲ್ಲ. ಸುತ್ತ ಶಾಮಿಯಾನಗಳಲ್ಲಿ, ರಸ್ತೆಯಲ್ಲಿ, ಮರದ ಮೇಲೆ ಜನ. ಬಾಳೂ ಮತ್ತು ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಎರಡನೇ ಇನಿಂಗ್ಸ್‌ನಲ್ಲಿ ಯುರೋಪಿಯನ್ನರ ಬ್ಯಾಟಿಂಗ್ ಕುಸಿದುಬಿತ್ತು. ಹಿಂದೂಗಳು ಗೆದ್ದದ್ದು ನೂರಕ್ಕೂ ಹೆಚ್ಚು ರನ್‌ಗಳಿಂದ. ಸುಧಾರಣಾವಾದಿ ಪತ್ರಿಕೆ 'ಇಂಡಿಯನ್ ಸೋಷಿಯಲ್ ರಿಫಾರ್ಮರ್' ಇದನ್ನು ಬರಿಯ ಆಟದ ಗೆಲುವೆಂದು ಬರೆಯಲಿಲ್ಲ. ಪುಣೆಯಲ್ಲಿ ಹೊರಗೆ ನಿಂತು ಚಹಾ ಕುಡಿದವರನ್ನು ಮುಂಬಯಿಯಲ್ಲಿ ಒಳಗೆ ಕರೆದು ಕೂರಿಸಿದ್ದು ದೇಶ ತನ್ನ ಹಳೆಯ ಒಡಕುಗಳನ್ನು ಬಿಡುತ್ತಿರುವುದರ ಗುರುತು ಎಂದು ಅದು ಕಂಡಿತು. ಆ ಆಸೆ ತುಸು ಬೇಗನೆ ಹುಟ್ಟಿತ್ತು ಅನ್ನಿಸುತ್ತದೆ. ಬಾಗಿಲು ತೆರೆದಿತ್ತು ನಿಜ. ಒಳಗೆ ಇನ್ನೂ ಬಾಗಿಲುಗಳಿದ್ದವು.

1911ರಲ್ಲಿ ಮೊದಲ ಸಲ ಎಲ್ಲ ಧರ್ಮದವರೂ ಇದ್ದ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ಐದನೇ ಜಾರ್ಜ್ ಪಟ್ಟಾಭಿಷೇಕದ ವರ್ಷ. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ಇನ್ನೂ ಇಪ್ಪತ್ತು ತುಂಬದ ತರುಣ. ಅವರು ಕೆಲವೇ ಪಂದ್ಯ ಆಡಿ ಲಂಡನ್ನಿನ ಸಮಾರಂಭಗಳತ್ತ ಹೊರಳಿದರು. ತಂಡದ ಅತ್ಯುತ್ತಮ ದಾಂಡಿಗರಲ್ಲೊಬ್ಬರಾದ ಪಾರ್ಸಿ ಆಟಗಾರ ಮಿಸ್ತ್ರಿಯವರನ್ನೂ ತಮ್ಮ ಸೇವೆಗೆ ಕರೆದುಕೊಂಡು ಹೋದರು. ಉಳಿದವರಿಗೆ ಪರಿಚಯವಿಲ್ಲದ ಹಸಿ ಪಿಚ್‌ಗಳು, ದಿನ ಬಿಟ್ಟು ದಿನ ರೈಲು, ಬಿಡುವಿಲ್ಲದ ಪಂದ್ಯಗಳು. ಒಟ್ಟು 23 ಪಂದ್ಯಗಳಲ್ಲಿ 15 ಸೋತರು, 6 ಗೆದ್ದರು. ಪ್ರಥಮ ದರ್ಜೆಯ 14ರಲ್ಲಿ ಗೆಲುವು ಎರಡೇ, ಲೆಸ್ಟರ್‌ಷೈರ್ ಮತ್ತು ಸಾಮರ್ಸೆಟ್ ವಿರುದ್ಧ.

ಆ ಸೋಲಿನ ಪ್ರವಾಸದಲ್ಲಿ ಬಾಳೂ ತೆಗೆದ ವಿಕೆಟ್‌ಗಳು 114. ಸರಾಸರಿ 18.84. ವಯಸ್ಸು ಮೂವತ್ತೈದರ ಆಸುಪಾಸು. ಬೇರೆ ಬೌಲರ್‌ಗಳ ನೆರವು ಕಡಿಮೆ, ಒಂದು ಕಡೆಯಿಂದ ದಿನವಿಡೀ ಅವರೇ ಹಾಕಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ 8 ವಿಕೆಟ್. ಅವರ ಜೀವನದ ಅತ್ಯುತ್ತಮ ಬೌಲಿಂಗ್ ಅದು. ಟಾಂಟನ್ನಿನಲ್ಲಿ ಸಾಮರ್ಸೆಟ್ ವಿರುದ್ಧ ತಮ್ಮ ಶಿವರಾಮ ಔಟಾಗದೆ ಶತಕ ಹೊಡೆದರು, ತಂಡ ಒಂದೇ ವಿಕೆಟ್ ಉಳಿದಿರುವಾಗ ಗೆದ್ದಿತು. ಮಹಾರಾಜರು ಇಲ್ಲದ ತಂಡಕ್ಕೆ ಮರ್ಯಾದೆ ಉಳಿಸಿದವರಲ್ಲಿ ಧಾರವಾಡ, ಪುಣೆಗಳ ಈ ಅಣ್ಣತಮ್ಮಂದಿರು ಮುಂಚೂಣಿಯಲ್ಲಿದ್ದರು. ಆ ವರ್ಷದ ಇಂಗ್ಲಿಷ್ ಬೇಸಿಗೆಯನ್ನು ನೆನೆಯುವಾಗಲೆಲ್ಲ ನನಗೆ ಕಣ್ಣಿಗೆ ಬರುವುದು ಲಾರ್ಡ್ಸ್ ಅಲ್ಲ, ಸಾಲು ಸಾಲು ಸೋಲುಗಳ ನಡುವೆ ಮತ್ತೆ ಮತ್ತೆ ಚೆಂಡು ಕೇಳಿ ಪಡೆಯುವ ಒಬ್ಬ ದಣಿದ ಬೌಲರ್.

ಮುಂಬಯಿಗೆ ಮರಳಿದಾಗ ದಲಿತ ಸಮುದಾಯ ಅವರನ್ನು ಸಭೆ ಕರೆದು ಸನ್ಮಾನಿಸಿತು. ಅಂದು ಮುಂಬಯಿಯಲ್ಲಿ ಓದುತ್ತಿದ್ದ ಅಂಬೇಡ್ಕರರಿಗೂ ಬಾಳೂ ಹೆಮ್ಮೆಯ ವ್ಯಕ್ತಿ. ಬಹಿಷ್ಕೃತರ ಮನೆಯಿಂದ ಬಂದು ದೇಶಕ್ಕೆಲ್ಲ ಗೊತ್ತಾದ ಹೆಸರು ಆಗ ಬೇರೆ ಯಾವುದಿತ್ತು?

ಮನೆಯಿಂದ ಇನ್ನಿಬ್ಬರು ಬಂದರು, ಗಣಪತ ಮತ್ತು ವಿಠ್ಠಲ. 1913ರ ಹೊತ್ತಿಗೆ ಪಳವಣಕರ ಸೋದರರು ನಾಲ್ವರೂ ಹಿಂದೂಗಳ ಪರವಾಗಿ ಆಡಿದರು. ಆ ತಂಡದ ಹಿರಿಯ ಆಟಗಾರ, ಅತಿ ಹೆಚ್ಚು ಗೆಲುವು ತಂದವರು, ಎದುರಾಳಿಯನ್ನು ಚೆನ್ನಾಗಿ ಅರಿತವರು ಬಾಳೂ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾಯಕರಾಗಿದ್ದ ಎಂ.ಡಿ. ಪೈ ಅವರಿಗಂತೂ ಇರಲಿಲ್ಲ. ಈ ಗೌರವ ನನಗಲ್ಲ, ನನಗಿಂತ ಹಿರಿಯರೂ ಅನುಭವಿಗಳೂ ಆದ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ತಮಗೇ ಏರ್ಪಾಡಾಗಿದ್ದ ಸನ್ಮಾನದ ಸಭೆಯಲ್ಲಿ ಪೈ ಹೇಳಿದರು. ಆಯ್ಕೆ ಮಾಡುವವರು ಕೇಳಿಸಿಕೊಳ್ಳಲಿಲ್ಲ. ಬಾಳೂ ಚೆಂಡು ಹಾಕಲಿ, ಸರಿ. ಜೊತೆಗೆ ಉಣ್ಣಲಿ, ಅದೂ ಸರಿ. ಬ್ರಾಹ್ಮಣರಿಗೆ ನೀನು ಇಲ್ಲಿ ನಿಲ್ಲು, ನೀನು ಅಲ್ಲಿ ನಿಲ್ಲು ಎಂದು ಹೇಳುವ ಅಧಿಕಾರ ಮಾತ್ರ ಬೇಡ. ವರ್ಷದಿಂದ ವರ್ಷಕ್ಕೆ ಇದೇ ನಡೆಯಿತು.

1920ರ ಟೂರ್ನಿಯಲ್ಲಿ ಇದು ಸಿಡಿಯಿತು. ಗಾಂಧೀಜಿಯವರ ಅಸಹಕಾರ ಚಳವಳಿ ಶುರುವಾಗಿದ್ದ ವರ್ಷ, ಅಸ್ಪೃಶ್ಯತೆ ಹೋಗದೆ ಸ್ವರಾಜ್ಯವಿಲ್ಲ ಎಂಬ ಮಾತು ಸಭೆ ಸಭೆಗಳಲ್ಲಿ ಕೇಳುತ್ತಿತ್ತು. ಮೊದಲ ಪಂದ್ಯಕ್ಕೆ ಪೈ ಅವರಿಗೆ ಹುಷಾರಿರಲಿಲ್ಲ. ಸಮಿತಿ ನಾಯಕತ್ವವನ್ನು ಪುಣೆಯ ಡಿ.ಬಿ. ದೇವಧರರಿಗೆ ಕೊಟ್ಟಿತು. ದೇವಧರ ಮುಂದೆ ದೊಡ್ಡ ಆಟಗಾರರೆಂದು ಹೆಸರಾದರು, ಆದರೆ ಅಂದು ಅವರು ಬಾಳೂ, ಶಿವರಾಮರ ಮುಂದೆ ಎಳೆಯರು. ಬಾಳೂ ಅವರನ್ನಂತೂ ತಂಡದಿಂದಲೇ ಬಿಟ್ಟಿದ್ದರು. ಶಿವರಾಮ ಮತ್ತು ವಿಠ್ಠಲ ಆಡುವುದಿಲ್ಲ ಎಂದರು. ಸುಮ್ಮನೆ ಮನೆಯಲ್ಲಿ ಕೂರಲಿಲ್ಲ, ಪತ್ರಿಕೆಗೆ ಬರೆದು ಕಾರಣ ತಿಳಿಸಿದರು: ನಮ್ಮ ಜಾತಿಯೇ ಅಡ್ಡಿ, ನಾವು ಈ ಅವಮಾನ ಸಹಿಸುವುದಿಲ್ಲ. ಭಾರತದ ಕ್ರಿಕೆಟ್ ಚರಿತ್ರೆಯಲ್ಲಿ ಆಟಗಾರರು ಜಾತಿಯ ಹೆಸರು ಹಿಡಿದೇ ತಂಡದಿಂದ ಹೊರನಡೆದ ಇಂಥ ಇನ್ನೊಂದು ಘಟನೆ ನನಗೆ ನೆನಪಾಗುವುದಿಲ್ಲ. ರೈಲ್ವೆಯ ನೌಕರಿ ಮಾಡಿಕೊಂಡಿದ್ದ ಜನ, ಕಳೆದುಕೊಳ್ಳಲು ಬಹಳವಿತ್ತು. ಆದರೂ ಹಿಂಜರಿಯಲಿಲ್ಲ.

ಊರೆಲ್ಲ ಮಾತಾಯಿತು. ಪಾರ್ಸಿಗಳ ವಿರುದ್ಧ ಫೈನಲ್ ಬಂದಾಗ ಪೈ ಮರಳಿದರು, ಬಾಳೂ ಉಪನಾಯಕರಾಗಿ ತಂಡಕ್ಕೆ ಬಂದರು, ತಮ್ಮಂದಿರೂ ಬಂದರು. ಪಂದ್ಯದ ನಡುವೆ ಒಂದು ಹೊತ್ತಿನಲ್ಲಿ ಪೈ ಮೈದಾನ ಬಿಟ್ಟು ಹೊರಗೆ ನಡೆದರು, ಬೇಕೆಂದೇ. ಹಿಂದೂಗಳ ತಂಡ ಆ ಕೆಲವು ಗಂಟೆ ಬಾಳೂ ಅವರ ಮಾತಿನಂತೆ ನಡೆಯಿತು. ನಲವತ್ತು ದಾಟಿ ನಾಲ್ಕೈದು ವರ್ಷ ಆಗಿದ್ದ ಆ ಬೌಲರ್ ಫೀಲ್ಡ್ ಹೊಂದಿಸಿದರು, ಬೌಲರ್‌ಗಳನ್ನು ಬದಲಿಸಿದರು. ಸಮಿತಿ ಕೊಡದಿದ್ದುದನ್ನು ಒಬ್ಬ ಗೆಳೆಯ ಸದ್ದಿಲ್ಲದೆ ಪಕ್ಕಕ್ಕೆ ಸರಿದು ಕೊಟ್ಟರು. ಪೈ ಅವರ ರನ್ನುಗಳ ಲೆಕ್ಕ ಇಂದು ಯಾರಿಗೂ ಬೇಕಿಲ್ಲ, ಈ ನಡಿಗೆಯನ್ನು ಮಾತ್ರ ಮರೆಯಬಾರದು.

ಅಣ್ಣನಿಗೆ ಸಿಗದ ಪಟ್ಟ ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ ಹಿಂದೂಗಳ ನಾಯಕರಾದರು. ಆ ವರ್ಷ ಯುರೋಪಿಯನ್ನರನ್ನು ಸೋಲಿಸಿ ಪ್ರಶಸ್ತಿ ಗೆದ್ದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೊತ್ತವರಲ್ಲಿ ಮೇಲುಜಾತಿಯವರೂ ಇದ್ದರು. ಅವರ ಅಣ್ಣ ಮೂವತ್ತು ವರ್ಷ ಹಿಂದೆ ಪುಣೆಯಲ್ಲಿ ಮುಖ ತೊಳೆಯಲು ಮೂಲೆಗೆ ಹೋಗುತ್ತಿದ್ದರು. 1925, 1926ರಲ್ಲೂ ವಿಠ್ಠಲರ ತಂಡ ಗೆದ್ದಿತು. ಈ ಕಥೆಯ ಬಹಳಷ್ಟು ನಮಗೆ ಉಳಿದದ್ದು ಅವರು ಮರಾಠಿಯಲ್ಲಿ ಬರೆದ ಆತ್ಮಕಥೆಯಿಂದ. ಅದನ್ನು ಹುಡುಕಿ ತೆಗೆದು, ಹಳೆಯ ಪತ್ರಿಕೆಗಳ ಜೊತೆಗಿಟ್ಟು ಓದಿ, 2002ರಲ್ಲಿ ಬಾಳೂ ಅವರನ್ನು ಮತ್ತೆ ದೇಶದ ಮುಂದೆ ನಿಲ್ಲಿಸಿದವರು ನಮ್ಮ ಬೆಂಗಳೂರಿನಲ್ಲೇ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ.

ಆಟ ಮುಗಿದ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಅದರ ವಿರುದ್ಧ ಸೆಪ್ಟೆಂಬರ್ 20ರಂದು ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ದಲಿತ ನಾಯಕ ಎಂ.ಸಿ. ರಾಜಾ ಅವರಂತೆ ಬಾಳೂ ಕೂಡ ಜಂಟಿ ಮತಕ್ಷೇತ್ರದ ಪರ. ಸೆಪ್ಟೆಂಬರ್ 24ರಂದು ಆದ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಪಿ. ಬಾಳೂ ಎಂಬ ಹೆಸರೂ ಇದೆ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಸಿದ ಅದೇ ಊರಿನಲ್ಲಿ ದೇಶದ ದಲಿತರ ಭವಿಷ್ಯದ ಕಾಗದಕ್ಕೆ ಅವರು ಸಹಿ ಹಾಕಿದರು. ಅದಕ್ಕೆ ಮೂರು ತಿಂಗಳ ಮೊದಲು, ಜೂನ್‌ನಲ್ಲಿ, ಭಾರತ ಲಾರ್ಡ್ಸ್‌ನಲ್ಲಿ ತನ್ನ ಮೊದಲ ಟೆಸ್ಟ್ ಆಡಿತ್ತು. ಬಾಳೂ ಆಗ ಐವತ್ತೈದು ದಾಟಿದವರು.

1937ರ ಚುನಾವಣೆ ಈ ಬದುಕಿನ ಕಹಿ ಅಧ್ಯಾಯ. ಮುಂಬಯಿ ವಿಧಾನಸಭೆಗೆ ಅಂಬೇಡ್ಕರ್ ತಮ್ಮ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯಿಂದ ನಿಂತಾಗ ಕಾಂಗ್ರೆಸ್ ಅವರ ಎದುರು ಬಾಳೂ ಅವರನ್ನು ನಿಲ್ಲಿಸಿತು. ಒಂದು ಕಾಲಕ್ಕೆ ಯಾರನ್ನು ಕಂಡು ಹೆಮ್ಮೆಪಟ್ಟಿದ್ದರೋ ಅವರನ್ನೇ ಸೋಲಿಸಬೇಕಾಯಿತು ಅಂಬೇಡ್ಕರರಿಗೆ. 13,245 ಮತಗಳಿಗೆ 11,225. ಅಂಬೇಡ್ಕರ್ ಗೆದ್ದದ್ದು ದೇಶದ ಒಳ್ಳೆಯದಕ್ಕೇ ಆಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮಹಾಪುರುಷನ ಎದುರು 11,225 ಜನ ಈ ಹಳೆಯ ಬೌಲರ್‌ಗೆ ಮತ ಹಾಕಿದರು ಎಂಬುದನ್ನೂ ನೋಡಬೇಕು. ಅವರಲ್ಲಿ ಎಷ್ಟೋ ಮಂದಿ ಬಾಂಬೆ ಜಿಮ್ಖಾನಾದ ಬೇಲಿಯಾಚೆ ನಿಂತು ಆ ಎಡಗೈಯನ್ನು ಕಂಡವರೇ ಇರಬೇಕು.

1955ರ ಜುಲೈನಲ್ಲಿ ಬಾಳೂ ಮುಂಬಯಿಯಲ್ಲಿ ತೀರಿಕೊಂಡರು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಭಾರತದ ಮೊದಲ ದೊಡ್ಡ ಕ್ರಿಕೆಟಿಗ ಯಾರು ಎಂದು ಕೇಳಿದರೆ ನಾವು ಥಟ್ಟನೆ ರಣಜಿತ್‌ಸಿಂಹಜಿ ಎನ್ನುತ್ತೇವೆ. ದೇಶದ ದೊಡ್ಡ ಟೂರ್ನಿಗೆ ಅವರ ಹೆಸರಿದೆ. ದೇವಧರರ ಹೆಸರಿನಲ್ಲೂ ಟ್ರೋಫಿ ಬಂತು. ಆದರೆ ರಣಜಿ ಟೆಸ್ಟ್ ಆಡಿದ್ದೆಲ್ಲ ಇಂಗ್ಲೆಂಡಿಗೆ. ಭಾರತದ ನೆಲದಲ್ಲಿ ಆಟ ಕಲಿತು, ಭಾರತದವರ ಜೊತೆ ನಿಂತು, ಆಳುವವರನ್ನು ಸೋಲಿಸಿದ ಮೊದಲ ದೊಡ್ಡ ಕ್ರಿಕೆಟಿಗ ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ.